ಎದುರು ಕೂತು ಕಲಿತ ಹೆಜ್ಜೆ

ಕಳ್ಳಂಬೆಳ್ಳ
ಭಾನುವಾರ, 12 ಅಕ್ಟೋಬರ್ 2025

ಪ್ರೀತಿಯ ಮಹಾಲಕ್ಷ್ಮಿಗೆ,

ಶುಕ್ರವಾರ ಬೆಳಿಗ್ಗೆ ನೀನು ಕಿಟಕಿಯ ಸರಳು ಹಿಡಿದು ಎದ್ದು ನಿಂತೆಯಂತೆ. ಮಧುಶ್ರೀ ಫೋನ್ ಮಾಡಿ ಹೇಳಿದಳು. ಎಷ್ಟು ಹೊತ್ತು ನಿಂತಳು ಎಂದು ಕೇಳಿದ್ದಕ್ಕೆ, ‘ಹಾಲು ಉಕ್ಕೋಷ್ಟು ಹೊತ್ತು ಕಣಪ್ಪಾ’ ಎಂದಳು. ನಮ್ಮ ಮಗಳಿಗೆ ಯಾವುದನ್ನೂ ಸರಿಯಾಗಿ ಅಳೆದು ಹೇಳಿ ಅಭ್ಯಾಸವಿಲ್ಲ, ಆದರೂ ನನಗೆ ಅಷ್ಟು ಸಾಕಾಯಿತು. ಈಗ ಹೇಗಿದ್ದೀಯ? ಊಟ ಸೇರುತ್ತಿದೆಯೇ? ನುಂಗುವಾಗ ಈಗಲೂ ಕೆಮ್ಮು ಬರುತ್ತದೆಯೇ? ಬಲಗೈ ಬೆರಳುಗಳ ಊತ ಇಳಿಯಿತೇ? ನೀನು ಉತ್ತರ ಹೇಳಲಾರೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಇದನ್ನು ಓದಿ ಹೇಳುವ ಮಧುಶ್ರೀಯೇ ನಿನ್ನ ಮುಖ ನೋಡಿ ನನಗೆ ತಿಳಿಸಲಿ. ಫೋನನ್ನು ನಿನ್ನ ಕಿವಿಗೆ ಹಿಡಿದರೆ ನೀನು ಅಳುತ್ತೀಯ, ಇತ್ತ ನಾನು ಫೋನ್ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಇಲ್ಲಿ ಕಡಲೆಕಾಯಿ ಕೀಳುವುದು ಅರ್ಧ ಮುಗಿದಿದೆ. ಕೆರೆ ಕಡೆಯ ಹೊಲದ್ದು ಕಾಯಿ ಚೆನ್ನಾಗಿ ಕಟ್ಟಿದೆ, ದಿಬ್ಬದ್ದು ಜೊಳ್ಳು. ಎಮ್ಮೆ ನನಗೆ ಹಾಲು ಕೊಡುವುದಿಲ್ಲ, ಪಕ್ಕದ ಮನೆ ಚಿತ್ರಾ ಬಂದು ಕರೆಯುತ್ತಾಳೆ. ನಾನು ಎಂದಿನಂತೆ ಬೆಳಗಿನ ವ್ಯಾನು ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಕಟ್ಟು ಬಿಚ್ಚಿ ಹಂಚಿ ಬರುತ್ತೇನೆ. ಭಾನುವಾರದ ಪುರವಣಿ ಸೇರಿಸುವುದು ಇಷ್ಟು ವರ್ಷ ನಿನ್ನ ಕೆಲಸವಾಗಿತ್ತು. ಇವತ್ತು ನಾನೊಬ್ಬನೇ ಸೇರಿಸಿದೆ. ಎರಡು ಮನೆಗೆ ಪುರವಣಿ ಇಲ್ಲದ ಪೇಪರ್ ಹೋಗಿ, ಇಬ್ಬರೂ ಬಂದು ಕೇಳಿದರು. ಇಬ್ಬರೂ ಕೊನೆಗೆ ಕೇಳಿದ್ದು ನಿನ್ನನ್ನೇ. ಶ್ರಾವಣದಲ್ಲಿ ನಿನಗೆ ಲಕ್ವ ಹೊಡೆದ ದಿನದಿಂದ ಈ ಊರಿನಲ್ಲಿ ನನ್ನನ್ನು ಯಾರೂ ‘ಏನಣ್ಣ ಸುದ್ದಿ’ ಎಂದು ಕೇಳಿಲ್ಲ. ‘ಲಕ್ಷ್ಮಕ್ಕ ಹೆಂಗವ್ಳೆ’ ಎಂದೇ ಕೇಳುವುದು.

ಹೋದ ಸಲ ಮಧುಗಿರಿಗೆ, ಮಗಳ ಮನೆಗೆ ಬಂದಾಗ, ನಿನಗೆ ವ್ಯಾಯಾಮ ಮಾಡಿಸುವ ನವೀನ್ ಕುಮಾರ್ ನನ್ನನ್ನು ವರಾಂಡಕ್ಕೆ ಕರೆದರು. ‘ಅಮ್ಮನಿಗೆ ಒಂದು, ಎರಡು ಅಂತ ಎಣಿಸಿದ್ರೆ ಕಾಲು ಹೊರಡಲ್ಲ ಸಾರ್. ಆದ್ರೆ ಮೊನ್ನೆ ಮಗಳು ಯಾವುದೋ ಪದ ಗುನುಗ್ತಿದ್ರೆ ಕೂತಲ್ಲೇ ಪಾದ ಅಲ್ಲಾಡಿಸಿದ್ರು. ಅವ್ರಿಗೆ ಗೊತ್ತಿರೋ ಕುಣಿತ ಏನಾದ್ರೂ ಇದ್ಯಾ?’ ಎಂದು ಕೇಳಿದರು. ಗೊತ್ತಿರುವ ಕುಣಿತ! ನಮ್ಮ ಊರಿನ ಹೆಂಗಸರ ಸಾಲುಕುಣಿತದ ತಲೆಯಾಳು ಇವಳೇ ಎಂದೆ. ‘ಹಂಗಾದ್ರೆ ಅದೇ ಹೆಜ್ಜೆ ಹಾಕಿಸೋಣ. ನೀವು ಜೊತೆಗೆ ನಿಂತು ಹಾಕ್ಬೇಕು’ ಎಂದರು. ಆ ಹೆಜ್ಜೆ ನನಗೂ ಬರುತ್ತದೆ ಎಂದುಬಿಟ್ಟೆ. ಮದುವೆಯಾದಾಗಿನಿಂದ ಪ್ರತಿ ದೀಪಾವಳಿಗೂ ಗುಡಿಯ ಜಗಲಿಯ ಮೇಲೆ ಕೂತು ನಿಮ್ಮ ಸಾಲನ್ನು ನೋಡಿದವನು ನಾನು. ಕೈಯಲ್ಲಿ ಪೇಪರ್ ಇರುತ್ತಿತ್ತು ನಿಜ, ಆದರೆ ಓದುತ್ತಿದ್ದೆ ಎಂದು ನೀನು ತಿಳಿದಿದ್ದರೆ ಅದು ತಪ್ಪು.

ಮನೆಗೆ ಬಂದು ಹಿತ್ತಿಲಲ್ಲಿ ಶುರು ಮಾಡಿದೆ. ಕಣ್ಣು ಮುಚ್ಚಿದರೆ ನಿಮ್ಮ ಸಾಲು ಹಾಗೇ ಕಾಣುತ್ತದೆ: ಸೆರಗು ಸಿಕ್ಕಿಸಿಕೊಂಡು, ಒಬ್ಬರ ಸೊಂಟದ ಹಿಂದೆ ಒಬ್ಬರು ಕೈ ಹಾಕಿಕೊಂಡು, ತುದಿಯಲ್ಲಿ ನೀನು. ಒಂದು ಕಾಲನ್ನು ಗೇಣು ಮುಂದೆ ಇಡುವುದು. ಇನ್ನೊಂದನ್ನು ಎಳೆಯದೆ ಎತ್ತಿ ಅದರ ಪಕ್ಕಕ್ಕೆ ಕೂಡಿಸುವುದು. ಮೊದಲಿಟ್ಟ ಕಾಲಿನ ಹಿಮ್ಮಡಿಯಿಂದ ನೆಲಕ್ಕೆ ಒಂದು ತಟ್ಟು. ಅದೇ ದಾರಿಯಲ್ಲಿ ಹಿಂದಕ್ಕೆ. ಆಮೇಲೆ ಸಾಲಿಗೆ ಸಾಲೇ ಪಕ್ಕಕ್ಕೆ ಸರಿಯುವುದು, ಪದದ ಸೊಲ್ಲು ಮುಗಿದಲ್ಲಿ ಮೈ ತಿರುಗಿಸಿ ಮತ್ತೆ ಮೊದಲಿನಿಂದ. ‘ಇಡು, ಕೂಡು, ತಟ್ಟು’ ಎಂದು ನೀನು ಕೂಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ‘ಕಾಲು ಎತ್ತಿ ಇಡ್ರೇ, ಎಳೀಬ್ಯಾಡ್ರಿ! ನೆಲ ಗುಡ್ಸಕ್ಕೆ ಬಂದಿದ್ದೀರಾ?’ ಎಂದು ಹೊಸಬರನ್ನು ಬೈಯುತ್ತಿದ್ದದ್ದೂ ಕೇಳಿಸುತ್ತಿತ್ತು. ನವೀನ್ ಕುಮಾರ್ ನಿನಗೆ ದಿನವೂ ಹೇಳುವುದು ಅದೇ ಮಾತು: ಎಳೀಬೇಡಿ ಅಮ್ಮ, ಎತ್ತಿ ಇಡಿ. ಆಗ ನೀನು ನನ್ನ ಕಡೆ ನೋಡುವ ನೋಟ ಹಿತ್ತಿಲಿಗೂ ಬಂತು. ಎಮ್ಮೆ ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿತ್ತು, ಅದರಿಂದ ಸ್ವಲ್ಪ ನಗು ಬಂತು, ಇಲ್ಲದಿದ್ದರೆ ಅಂದು ಮುಂದುವರಿಸುತ್ತಿರಲಿಲ್ಲ.

ನಿನ್ನೆ ಸಂಜೆ ಗುಡಿ ಮುಂದಿನ ಬಯಲಿನಲ್ಲಿ ಸಾಲಿನವರು ದೀಪಾವಳಿಗೆ ಅಭ್ಯಾಸ ಮಾಡಲು ಸೇರಿದ್ದರು. ಹೊಲದಿಂದ ನೇರ ಬಂದವರು, ಕೈಯೆಲ್ಲ ಕೆಮ್ಮಣ್ಣು. ನಾನು ಕಲಿತದ್ದು ಸರಿಯಿದೆಯೇ ನೋಡಿ ಎಂದು ಕೇಳಿಕೊಂಡೆ. ಪಂಚೆ ಎತ್ತಿ ಕಟ್ಟಿ ಅವರ ಪಕ್ಕದಲ್ಲಿ ನಿಂತೆ. ಪದ ಎತ್ತಿದರು. ಮೊದಲ ಹೆಜ್ಜೆಗೇ ನನ್ನ ಕಾಲು ಚಿತ್ರಾಳ ಕಾಲಿಗೆ ತಾಗಿತು, ಎರಡನೆಯದಕ್ಕೆ ಜುಂಜಮ್ಮ ಮುಗ್ಗರಿಸಿದಳು. ಸಾಲು ಬಲಕ್ಕೆ ಸರಿದರೆ ನಾನು ಎಡಕ್ಕೆ ಸರಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನಗಿಂತ ಹಳಬಳಾದ ಮುನಿಯಮ್ಮ, ಆ ವಯಸ್ಸಿನಲ್ಲೂ ಸಾಲು ಬಿಡದವಳು, ‘ಅಯ್ಯೋ ಭೀಮಣ್ಣ, ಅದ್ಯಾಕಣ್ಣ ಎಡಗಾಲು ಮುಂದಿಕ್ಕೀಯ? ಮೂವತ್ತೊರ್ಸ ಪೇಪರ್ ತಲೆಕೆಳ್ಗಾಗಿ ಓದ್ದ್ಯಾ?’ ಎಂದಳು. ಹೌದು, ನಾನು ಕಲಿತದ್ದೆಲ್ಲ ಎದುರು ಕೂತು ನೋಡಿದ್ದು. ನಿಮ್ಮ ಬಲಗಾಲು ನನ್ನ ಎಡಗಾಲಿನ ಎದುರಿಗಿತ್ತು. ‘ಕನ್ನಡೀಲಿ ನೋಡ್ಕಂಡು ಕಲ್ತಂಗೈತೆ ಮಾವ’ ಎಂದು ಚಿತ್ರಾ ಕಣ್ಣೊರೆಸಿಕೊಂಡಳು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಎದ್ದು ಬಂದು ನಿನ್ನ ಬೆನ್ನ ಹಿಂದೆ ನಿಂತು ನೋಡಿದ್ದರೆ ಗೊತ್ತಾಗುತ್ತಿತ್ತು.

ಆಗ ಜುಂಜಮ್ಮ ಕೇಳಿದಳು: ‘ಲಕ್ಷ್ಮಕ್ಕಂಗೆ ಸ್ವಾಧೀನ ಇರೋ ಕಾಲು ಯಾವ್ದು?’ ಎಡ, ಎಂದೆ. ನಗು ನಿಂತಿತು.

ನಾನು ಇದ್ದದ್ದನ್ನು ಹೇಳಿದೆ. ಬಲಗಾಲು ನಿಲ್ಲುವುದನ್ನು ಕಲಿಯುತ್ತಿದೆ, ಮುಂದೆ ಹೋಗುವುದಿಲ್ಲ, ಬಡಿಯುವುದಿಲ್ಲ. ನಿಮ್ಮ ಹೆಜ್ಜೆಯಲ್ಲಿ ಮೊದಲು ಹೊರಡುವುದೂ ತಟ್ಟುವುದೂ ಬಲಗಾಲೇ ಆದ್ದರಿಂದ ಅದನ್ನು ಹಾಕಲು ನಿನಗೆ ಆಗುವುದೇ ಇಲ್ಲ ಎಂದೆ. ನನ್ನ ತಪ್ಪು ಹೆಜ್ಜೆಯಲ್ಲಾದರೆ ಎಡಗಾಲು ಹೊರಡುತ್ತದೆ, ಬಲಗಾಲು ಹಿಂದಿನಿಂದ ಬಂದು ಕೂಡಿಕೊಂಡರೆ ಸಾಕು. ಚಿತ್ರಾ ಕೂಡಲೇ, ‘ಹಂಗಾದ್ರೆ ನಾವೆಲ್ರೂ ತಿರುಗ್ಸಿ ಹಾಕಾಣ. ದೀಪಾವಳಿಗೆ ಅತ್ತೇನ ಕರ್ಕಂಬಂದು ಸಾಲ್ನಾಗೆ ಹಿಡ್ಕಂಡು ನಿಲ್ಸಾಣ’ ಎಂದಳು. ಮುನಿಯಮ್ಮ ಒಪ್ಪಲಿಲ್ಲ. ‘ದ್ಯಾವ್ರ ಮುಂದೆ ಎಡಗಾಲಾ? ಮನೆಗೆ ಸೊಸೆ ಬಂದ್ರೂ ಬಲಗಾಲಿಟ್ಟು ಬಾ ಅಂತೀವಿ. ಲಕ್ಷ್ಮೀನೇ ಇದ್ದಿದ್ರೆ ಒಪ್ತಿರ್ಲಿಲ್ಲ ಕಣಮ್ಮ’ ಎಂದಳು. ಚಿತ್ರಾ ಬಿಡಲಿಲ್ಲ. ‘ದ್ಯಾವ್ರೇ ಅವ್ರ ಬಲಗಾಲು ತಗಂಡವ್ನೆ, ಇನ್ನೇನು ಕೇಳ್ತಾನೆ?’ ಎಂದು ಎದುರು ಮಾತಾಡಿದಳು. ಮುನಿಯಮ್ಮನಿಗೆ ಸಿಟ್ಟು ಬಂತು, ಅಳುವೂ ಬಂತು. ಮುನಿಯಮ್ಮ ಹೇಳಿದ್ದು ನಿಜ, ನೀನು ಒಪ್ಪುತ್ತಿರಲಿಲ್ಲ. ಹೋದ ವರ್ಷ ಒಬ್ಬಳು ಮರೆತು ಎಡಗಾಲು ಇಟ್ಟಳೆಂದು ಪದ ನಿಲ್ಲಿಸಿ ಮೊದಲಿನಿಂದ ಹಾಡಿಸಿದವಳು ನೀನು.

ಕತ್ತಲಾಗುವ ಹೊತ್ತಿಗೆ ಮುನಿಯಮ್ಮನೇ ತೀರ್ಮಾನ ಹೇಳಿದಳು. ‘ಗುಡಿ ಮುಂದೆ ಬಲಗಾಲೇ. ಅದ್ರಾಗೆ ಮಾತಿಲ್ಲ. ಅದು ಮುಗುದ್ಮ್ಯಾಕೆ ಸಾಲು ಭೀಮಣ್ಣನ ಅಂಗಳಕ್ಕೆ ಹೋಗ್ತದೆ. ಅಲ್ಲಿ ಲಕ್ಷ್ಮಿ ಹೆಂಗಾಕಿದ್ರೆ ಹಂಗೆ.’ ಆಮೇಲೆ ನನ್ನ ಕಡೆ ತಿರುಗಿ, ‘ಬಾರಣ್ಣ, ನಿನ್ ತಪ್ಪೆಜ್ಜೆ ನಮ್ಗೂ ಕಲ್ಸು’ ಎಂದಳು. ಅವರಿಗೆ ಅದು ಬಹಳ ಕಷ್ಟವಾಯಿತು. ಹುಟ್ಟಿದಾಗಿನಿಂದ ಬಲಗಾಲಿನಿಂದಲೇ ಹೊರಟವರು. ಪದ ಎತ್ತಿದರೆ ಕಾಲು ತಾನಾಗಿಯೇ ಹೋಗಿಬಿಡುತ್ತದೆ. ಒಬ್ಬರಿಗೊಬ್ಬರು ತಾಗಿ, ಬೈದುಕೊಂಡು, ಎಡ ಎಡ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಹಾಕಿದರು. ಯಾರೂ ನಗಲಿಲ್ಲ. ಸಾಲಿನ ತುದಿಯಲ್ಲಿ, ನಿನ್ನ ಜಾಗದಲ್ಲಿ, ನನ್ನನ್ನೇ ನಿಲ್ಲಿಸಿದರು. ಅಲ್ಲಿ ನಿಂತರೆ ಒಂದು ಪಕ್ಕ ಹಿಡಿಯಲು ಯಾರೂ ಇರುವುದಿಲ್ಲ ಎಂದು ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ.

ಮುನಿಯಮ್ಮ, ಜುಂಜಮ್ಮ ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ. ಚಿತ್ರಾ ನಿನಗೆಂದು ಹೊಸ ಕಡಲೆಕಾಯಿ ಹುರಿದು ಕಟ್ಟಿಕೊಟ್ಟಿದ್ದಾಳೆ, ನುಣ್ಣಗೆ ಅರೆದು ಕೊಡಬಹುದೇ ಎಂದು ಮಧುಶ್ರೀ ಡಾಕ್ಟರನ್ನು ಕೇಳಲಿ. ಅಳಿಯಂದಿರಿಗೆ ನಮಸ್ಕಾರ, ಮಗುವಿಗೆ ಆಶೀರ್ವಾದ. ಮಾತ್ರೆ ಉಗುಳಬೇಡ.

ನಿನ್ನ,
ಭೀಮರಾಜು

ಮರೆತ ಮಾತು: ಮಧು, ಇದನ್ನೂ ಓದು, ಬಿಡಬೇಡ. ಮಹಾಲಕ್ಷ್ಮಿ, ವರಾಂಡದಲ್ಲಿ ಏನು ಮಾತಾಡಿದಿರಿ ಎಂದು ಅವತ್ತು ನಿನ್ನ ಕಣ್ಣು ಕೇಳಿತು, ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ಡಾಕ್ಟರ್ ಹೇಳಿದ್ದನ್ನು ನವೀನ್ ಕುಮಾರ್ ಅಲ್ಲಿ ತಿಳಿಸಿದ್ದು ಇಷ್ಟು. ಬಲಗಾಲು ನಿಲ್ಲುತ್ತದೆ, ಹಿಡಿದುಕೊಂಡರೆ ನಡೆಯುತ್ತದೆ, ಮೊದಲಿನ ಹಾಗೆ ಎತ್ತಿ ಇಡುವುದು ಇನ್ನಿಲ್ಲ. ಮಾತಿನ ವಿಷಯ ಅವರಿಗೂ ಗೊತ್ತಿಲ್ಲ. ಗುಡಿ ಮುಂದೆ ನೀನು ಇನ್ನು ಕುಣಿಯುವುದಿಲ್ಲ. ಈ ದೀಪಾವಳಿಗೆ ಅಲ್ಲಿ ಚಿತ್ರಾ ತಲೆಯಾಳು. ಅವಳು ಒಲ್ಲೆ ಎಂದಳು, ನಾನೇ ಹೂಂ ಅನ್ನಿಸಿದೆ. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಹತ್ತು ಗಂಟೆಗೆ ನವೀನ್ ಕುಮಾರ್ ಬರುತ್ತಾರೆ. ಎಡಗಾಲಿನಿಂದ ಶುರು.