ಒರೆಸಿಟ್ಟ ಗಾಜು

ಫೆಬ್ರವರಿ 9, ಸಂಜೆ

ನಲವತ್ತು ಶೀಶೆ, ಹದಿನೆಂಟು ಫ್ಲಾಸ್ಕ್ ತೊಳೆದೆ. ಸೋಪು, ನೀರು, ಅಸಿಟೋನ್, ಆಮೇಲೆ ಓವನ್. ಬೆರಳ ತುದಿ ಬಿಳಚಿಕೊಂಡಿದೆ. ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಅಕ್ಕ ಕರೆದು, ನೇರಳೆ ದೀಪದ ಕೆಳಗೆ ಒಂದು ಶೀಶೆ ಹಿಡಿದರು. ಒಳಗಿನ ದ್ರವ ಕೆಂಡದಂತೆ ಹೊಳೆಯಿತು.

"ಇದರಲ್ಲಿ ಕೋಟಿಗಟ್ಟಲೆ ಹರಳಿವೆ ಕಣೋ. ಗಾಜಿನ ಮೇಲೆ ತೆಳ್ಳಗೆ ಬಳಿದರೆ ಲೇಸರ್ ಆಗುತ್ತೆ. ತಲೆಕೂದಲ ಮೇಲೆ ಕೂರಿಸಬಹುದು, ಅಷ್ಟು ಪುಟ್ಟದು."

ಲ್ಯಾಬಿನ ಮುಖ್ಯಸ್ಥರು, ನಮ್ಮ ದೊಡ್ಡ ಸರ್ ಅವರ ಬೋಳುತಲೆ ನೆನಪಾಗಿ ನಗು ಬಂತು. ಬಾಯಿಗೆ ಬಂದದ್ದನ್ನು ನುಂಗುವುದೇ ನನ್ನ ಅಭ್ಯಾಸ.

ಫೆಬ್ರವರಿ 12

ಅಕ್ಕನ ಮೇಜಿನ ಮೇಲೆ ಚೌಕದ ಗಾಜಿನ ಚೂರು. ನಡುವೆ ಮಾಸಲು ಕಲೆ. ಪಕ್ಕದಲ್ಲಿ ಏನೋ ಇಂಗ್ಲಿಷ್ ಚೀಟಿ. ಬಟ್ಟೆಯಿಂದ ಉಜ್ಜಿ ಉಜ್ಜಿ ಫಳಫಳ ಮಾಡಿಟ್ಟೆ.

ಫೆಬ್ರವರಿ 13

ಆ ಕಲೆಯೇ ಲೇಸರ್ ಆಗಬೇಕಿತ್ತಂತೆ.

ಅಕ್ಕ ದೀಪ ಹಾಕಿದರು. ಗಾಜು ಹೊಳೆಯಲಿಲ್ಲ. "ಪದರ ನಿಂತೇ ಇಲ್ಲ... ಇದೇ ಕೊನೇ ಸಲ ಅಂದಿದ್ರು ಸರ್. ಮುಟ್ಟಬೇಡಿ ಅಂತ ಚೀಟಿ ಇಟ್ಟಿದ್ದೆ. ನೀನು ಮುಟ್ಟಿಲ್ಲ ತಾನೇ?"

"ಇಲ್ಲಕ್ಕ."

ಕೆಲಸಕ್ಕೆ ಸೇರುವಾಗ ಇಂಗ್ಲಿಷ್ ಓದಲು ಬರುತ್ತಾ ಎಂದು ಇದೇ ಅಕ್ಕ ಕೇಳಿದ್ದರು. ಬರುತ್ತೆ ಅಂದಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರ ಗೊತ್ತು, ಕೂಡಿಸಲು ಬಾರದು.

ಫೆಬ್ರವರಿ 15

ಅಮ್ಮ ತಟ್ಟೆ ಮುಂದಿಟ್ಟು, "ಯಾಕೋ ಮುಖ ಗಂಟು ಹಾಕ್ಕೊಂಡಿದೀಯ? ಯಾರೇನಂದ್ರು?" ಅಂದಳು.

ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟ.

ಫೆಬ್ರವರಿ 23

ದೊಡ್ಡ ಸರ್ ಬಂದಿದ್ದರು. "ಪದರ ಹಿಡೀತಿಲ್ಲ ಅಂದ್ರೆ ವಿಧಾನವೇ ತಪ್ಪು ಕಣಮ್ಮ. ಎರಡು ವರ್ಷ ಸಾಕು. ಬೇರೆ ಏನಾದ್ರೂ ಹಿಡಿ."

"ಇರಬೇಕು ಸರ್... ನನ್ನ ಕೈಯೇ ಸರಿಯಿಲ್ಲ."

ನಾನು ಅಲ್ಲೇ ಸಿಂಕಿನ ಹತ್ತಿರ. ತೊಳೆದ ಫ್ಲಾಸ್ಕನ್ನೇ ಮತ್ತೆ ತೊಳೆಯುತ್ತಿದ್ದೆ.

ಫೆಬ್ರವರಿ 24, ಬೆಳಗ್ಗೆ 9

ಅಕ್ಕ ಆ ಕೆಂಪು ಶೀಶೆಯನ್ನು ನನ್ನ ಕೈಗಿಟ್ಟರು. "ವೇಸ್ಟ್ ಕ್ಯಾನಿಗೆ ಸುರಿದು ತೊಳೆದುಬಿಡಪ್ಪ. ಇನ್ನು ಬೇಡ." ಕಣ್ಣು ಊದಿತ್ತು. ಟೀ ಕುಡಿಯಲು ಹೋದರು.

9.20

ಸುರಿದಿಲ್ಲ. ಅಂದು ಗಾಜು ಒರೆಸಿದ ಬಟ್ಟೆ ಇಷ್ಟು ದಿನ ನನ್ನ ಡ್ರಾಯರಿನ ತಳದಲ್ಲಿತ್ತು. ತೆಗೆದು ನೇರಳೆ ದೀಪದ ಕೆಳಗೆ ಹರವಿದೆ. ಕೆಂಪಗೆ ಹೊಳೆಯುತ್ತಿದೆ, ನನ್ನ ನಾಲ್ಕು ಬೆರಳು ಒತ್ತಿದ ಜಾಗ ಸಮೇತ. ಹರಳಿನದೂ ತಪ್ಪಿಲ್ಲ, ಅಕ್ಕನ ಕೈಯದೂ ತಪ್ಪಿಲ್ಲ.

ಶೀಶೆ ಬಟ್ಟೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿ ಸದ್ದು. ಒರೆಸಿದ್ದು ಆಮೇಲೆ ಹೇಳಬಹುದು, ಬಟ್ಟೆಯೇ ಹೇಳುತ್ತದೆ. ಮೊದಲು ಚೀಟಿಯ ವಿಷಯ. ಬಾಯಿ ಕೈಕೊಟ್ಟರೆ ಈ ಪುಟವನ್ನೇ ತೋರಿಸುತ್ತೇನೆ —

ಅಕ್ಕ, ನನಗೆ ಇಂಗ್ಲಿಷ್ ಓದಲು