ನಾನು ತೊಳೆದಿಟ್ಟ ನಿಮ್ಮ ಮೀಟರು

ಅಳಿಯಂದಿರಾದ ಶಿವಣ್ಣನವರೇ,

ನೀವಿದ್ದಾಗ ನಿಮ್ಮ ಕ್ಷೇಮ ಕೇಳಿದ್ದಕ್ಕಿಂತ ಕೊಂಕು ಆಡಿದ್ದೇ ಹೆಚ್ಚು. ಈಗ ನಾವೆಲ್ಲ ಕ್ಷೇಮ ಅಂತ ಬರೆಯೋಣವೆಂದರೆ ಕೈ ಬರುವುದಿಲ್ಲ. ಹಳ್ಳಿಯಲ್ಲಿ ಐಗಳ ಮುಂದೆ ಎರಡು ವರ್ಷ ಮರಳಿನ ಮೇಲೆ ತಿದ್ದಿದ ಅಕ್ಷರ, ಅಂಕುಡೊಂಕಾಗಿದ್ದರೆ ಸರಿಮಾಡಿಕೊಂಡು ಓದಿ. ಯಾರಿಗೂ ಹೇಳಲಾಗದ ಒಂದು ಮಾತು ಹದಿನೈದು ದಿನದಿಂದ ಎದೆಯಲ್ಲಿ ಕೂತು ಕೊರೆಯುತ್ತಿದೆ.

ಜಯನಗರದ ಈ ಮನೆಗೆ ನೀವೇ ವೈರಿಂಗ್ ಮಾಡಿದ್ದು ನೆನಪಿದೆಯಾ? ಮೇನ್ ಸ್ವಿಚ್ಚಿನ ಪಕ್ಕ ಒಂದು ಕರಿ ಡಬ್ಬಿ ಕೂರಿಸಿ, "ಇದು ಸೋರಿಕೆ ಸ್ವಿಚ್ಚು ಅತ್ತೆ. ಬಾಯ್ಲರಿನ ತಗಡಿಗೆ ಕರೆಂಟು ಸೋರಿದ್ರೆ ತಾನೇ ಠಕ್ ಅಂತ ಬಿದ್ದು ಲೈನು ಕಟ್ ಮಾಡುತ್ತೆ. ತಿಂಗಳಿಗೊಂದ್ಸಲ ಈ ಬಟನ್ ಒತ್ತಿ ನೋಡ್ಬೇಕು" ಅಂದಿರಿ. ಅದರ ವೈರನ್ನು ಹಿತ್ತಲಿನ ಗುಂಡಿಯಲ್ಲಿ ಹೂತು, ಇದ್ದಿಲು, ಉಪ್ಪು ಸುರಿದು, ವಾರವಾರ ಎರಡು ಕೊಡ ನೀರು ಹೊಯ್ಯುತ್ತಿದ್ದಿರಿ. ಮಣ್ಣು ಒಣಗಿದರೆ ಸ್ವಿಚ್ಚು ಬೀಳುವುದಿಲ್ಲ ಅನ್ನುತ್ತಿದ್ದಿರಿ. "ಮಣ್ಣಿಗೂ ಬಾಯಾರಿಕೆಯಾ? ನಲ್ಲಿ ನೀರು ನಿಮ್ಮಪ್ಪನ ಮನೆಯಿಂದ ಬರುತ್ತಾ?" ಅಂತ ಕೇಳಿದವಳು ನಾನೇ.

ಮೀಟರು ಹಿಡಿದಾಗಲಂತೂ ನಿಮ್ಮದೊಂದು ಚಾಳಿ. ಮೊದಲು ಕರೆಂಟು ಇರುವ ಕಡೆ ಇಟ್ಟು ಮುಳ್ಳು ಏಳುವುದನ್ನು ನೋಡುವುದು, ಆಮೇಲೆ ಆರಿಸಿದ ಕಡೆ ಇಡುವುದು, ಮತ್ತೆ ಕರೆಂಟು ಇರುವ ಕಡೆಗೇ ಹೋಗಿ ಇಡುವುದು. "ಬೀಗ ಹಾಕಿ ಮೂರು ಸಲ ಜಗ್ಗೋ ಮುದುಕಿ ಥರ ಆಡ್ತೀರಲ್ಲ!" ಅಂದಿದ್ದೆ. ನೀವು ನಕ್ಕು, "ಮುಳ್ಳು ಏಳಲಿಲ್ಲ ಅಂದ್ರೆ ಕರೆಂಟಿಲ್ಲ ಅಂತ್ಲೂ ಆಗ್ಬಹುದು, ಮೀಟರೇ ಸತ್ತಿದೆ ಅಂತ್ಲೂ ಆಗ್ಬಹುದು ಅತ್ತೆ" ಅಂದಿರಿ.

ಕಾಮಾಲೆ ನಿಮ್ಮನ್ನು ಕೊಂಡುಹೋದ ಹನ್ನೊಂದನೆಯ ದಿನ, ಸೂತಕ ಕಳೆಯಬೇಕೆಂದು ಮನೆಯನ್ನೆಲ್ಲ ತೊಳೆದೆ. ನೀವು ಉಟ್ಟಿದ್ದು, ಹೊದ್ದಿದ್ದು, ಮುಟ್ಟಿದ್ದು... ಮೂಲೆಯ ಚರ್ಮದ ಚೀಲದಲ್ಲಿ ಮೀಟರು ಕಂಡಿತು. ಅದನ್ನೂ ಬಿಡಲಿಲ್ಲ. ಗೋಮೂತ್ರ ಚಿಮುಕಿಸಿ, ಎರಡು ಚೊಂಬು ನೀರು ಹೊಯ್ದು, ಸೆರಗಿನಿಂದ ಒರೆಸಿ, ಬಿಸಿಲಿಗಿಟ್ಟು, ಮತ್ತೆ ಚೀಲಕ್ಕೆ ಸೇರಿಸಿದೆ. ಯಾರೂ ನೋಡಲಿಲ್ಲ. ನೋಡಿದ್ದರೂ, ಸಾವಿನ ಮನೆ ತೊಳೆಯುವ ಮುದುಕಿಯ ಕೈ ಹಿಡಿಯುವವರು ಯಾರಿದ್ದರು?

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಮಗಳು ಲಲಿತ ಬಚ್ಚಲಿನಿಂದ ಕೂಗಿದಳು: "ಅಜ್ಜೀ, ಬಾಯ್ಲರ್ ಮುಟ್ಟಿದ್ರೆ ಚುರ್ ಅಂತದೆ!" ನನ್ನ ಮಗಳು ಸರೋಜ ಓಡಿಹೋಗಿ ಸೋರಿಕೆ ಸ್ವಿಚ್ಚಿನ ಬಟನ್ ಒತ್ತಿದಳು. ಬೀಳಲಿಲ್ಲ. ಹೇಗೆ ಬೀಳುತ್ತದೆ? ನೀವು ಹೋದಮೇಲೆ ಆ ಗುಂಡಿಗೆ ನೀರು ಕಾಣಿಸಿದವರೇ ಇಲ್ಲ. ನಿಮ್ಮ ಹೆಂಡತಿ ನಿಮ್ಮನ್ನು ನೋಡಿ ನೋಡಿ ಅರ್ಧ ಕೆಲಸ ಕಲಿತವಳು. ಮೇನ್ ಇಳಿಸಿದಳು, ಒಣ ಮಣೆಯ ಮೇಲೆ ನಿಂತಳು, ಬಾಯ್ಲರಿನ ಮುಚ್ಚಳ ಬಿಚ್ಚಿ ನಿಮ್ಮ ಮೀಟರಿನ ಕಡ್ಡಿಗಳನ್ನು ಇಟ್ಟಳು. ಮುಳ್ಳು ಮಿಸುಕಲಿಲ್ಲ. "ಕರೆಂಟಿಲ್ಲಮ್ಮ" ಅಂತ ವೈರಿಗೆ ಕೈ ಹಾಕಲು ಹೋದಳು.

ಆ ಗಳಿಗೆಯಲ್ಲಿ ನನ್ನ ಬಾಯಿಂದ ಅದು ಹೇಗೆ ಬಂತೋ... "ಕೈ ತೆಗಿಯೇ! ಮೊದ್ಲು ಕರೆಂಟಿರೋ ಕಡೆ ಇಟ್ಟು ನೋಡೇ!" ಅಂತ ಚೀರಿದೆ. ನಮ್ಮ ಮನೆಯ ಮೇನ್ ಇಳಿಸಿತ್ತಲ್ಲ, ಗೊಣಗಿಕೊಂಡೇ ಪಕ್ಕದ ಮನೆಗೆ ಹೋದಳು. ಅಲ್ಲಿ ರೇಡಿಯೋ ಹಾಡುತ್ತಿತ್ತು. ಅದೇ ಪ್ಲಗ್ಗಿಗೆ ಇಟ್ಟರೂ ಮುಳ್ಳು ಮಲಗಿಯೇ ಇತ್ತು.

ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ರಾಮಣ್ಣ ಬಂದು ತನ್ನ ಮೀಟರಿಟ್ಟರೆ, ಬಾಯ್ಲರಿನ ವೈರಿನಲ್ಲಿ ಪೂರ್ತಿ ಕರೆಂಟು! ಮೇನ್ ಸ್ವಿಚ್ಚಿನ ಹಿಡಿ ಕೆಳಗಿಳಿದಿತ್ತು, ಒಳಗಿನ ಒಂದು ತುಂಡು ಮಾತ್ರ ಮುರಿದು ಮೇಲೇ ಕಚ್ಚಿಕೊಂಡಿತ್ತಂತೆ. "ಮುಟ್ಟಿದ್ರೆ ಅಲ್ಲೇ ಮುಗೀತಿತ್ತು ಕಣಮ್ಮ" ಅಂದ. ಎಲ್ಲ ಸರಿಮಾಡಿ, ಗುಂಡಿಗೆ ನೀರು ಹೊಯ್ದು ಬಟನ್ ಒತ್ತಿದ. ಠಕ್ ಅಂತ ಬಿತ್ತು. ಆಮೇಲೆ ನಿಮ್ಮ ಮೀಟರು ಬಿಚ್ಚಿ, "ಒಳಗೆಲ್ಲ ಕಿಲುಬು. ನೀರು ಹೋಗಿದೆ" ಅಂದುಬಿಟ್ಟ.

ಸರೋಜ ಏನಂದಳು ಗೊತ್ತೇ? "ಇವ್ರೇ ಎಲ್ಲೋ ಮಳೇಲಿ ನೆನೆಸಿರ್ತಾರೆ. ಕೆಟ್ಟ ಮೀಟರು ಮನೇಲಿ ಬಿಟ್ಟು ಹೋದ್ರು. ನನ್ನ ಮಗೂಗೆ ತಾಯಿನೂ ಇಲ್ದಂಗೆ ಮಾಡ್ತಿದ್ರು." ನಾನು ಅಲ್ಲೇ ನಿಂತಿದ್ದೆ. ಅವತ್ತಿನಿಂದ ಅವಳು ನಿಮ್ಮ ಪಟಕ್ಕೆ ಹೂವಿಡುತ್ತಿಲ್ಲ. ಲಲಿತ ಕೇಳಿದರೆ, "ನಿಮ್ಮಪ್ಪನಿಗೆ ನಮ್ಮ ಮೇಲೆ ಗ್ಯಾನ ಎಲ್ಲಿತ್ತು?" ಅನ್ನುತ್ತಾಳೆ. ನಿಮಗೆ! ನಿಮಗೆ ಈ ಮಾತು!

ಹೇಳಿದರೆ ಅವಳು ಮತ್ತೆ ನನ್ನ ಮುಖ ನೋಡುತ್ತಾಳಾ? ಯಡಿಯೂರಿನ ನಮ್ಮ ಹೊಲವೆಲ್ಲ ಸೈಟುಗಳಾಗಿ ಹೋಯಿತು. ಈ ಮನೆಯ ಬಾಗಿಲು ಮುಚ್ಚಿದರೆ ನಾನು ಎಲ್ಲಿಗೆ... ಹೇಳದಿದ್ದರೆ ಆ ಮಗು ತನ್ನಪ್ಪನನ್ನು ಬೇಜವಾಬ್ದಾರಿ ಅಂತಲೇ ತಿಳಿದು ಬೆಳೆಯುತ್ತದೆ. ಹದಿನೈದು ದಿನ ಇದರಲ್ಲೇ ಬೆಂದೆ.

ಈಗ ಸರೋಜ ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದಾಳೆ. "ಅಮ್ಮಾ, ಒಂದು ತುದಿ ಹಿಡ್ಕೊ ಬಾ" ಅಂತ ಎರಡನೇ ಸಲ ಕೂಗಿದಳು. ಎದ್ದೆ. ಹೋಗಿ ತುದಿ ಹಿಡಿದುಕೊಂಡೇ ಹೇಳುತ್ತೇನೆ: "ಸರೋಜ, ಮೀಟರಿಗೆ ನೀರು ಹೊಯ್ದಿದ್ದು ನಿನ್ನ ಗಂಡ ಅಲ್ಲ ಕಣೇ, ನಾನು." ಬೈದರೆ ಬೈಯಲಿ. ನಿಮ್ಮನ್ನು ಬೈದದ್ದು ಸಾಕು.