ಮಂಗಳಕ್ಕೆ ಐದು ದಿನ

ಮುಂಡರಗಿ
ತಾ. 19-10-1978, ಗುರುವಾರ

ಪ್ರೀತಿಯ ಮುಮ್ತಾಜ,

ನಿನಗೂ ದಸ್ತಗೀರಸಾಬರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಗಲ್ಲ ಹಿಂಡಿ ಒಂದೊಂದು ಮುದ್ದು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರಲಿಲ್ಲವೆಂದು ನೀನು ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತು ನನ್ನ ಏಳು ತಲೆಮಾರಿನ ಉದ್ಧಾರ ಮಾಡಿರುತ್ತಿ, ನನಗೆ ಗೊತ್ತು. ಮೂರು ಸಲ ಬರೆಯಲು ಕೂತೆ. ಒಮ್ಮೆ ಹಾಲು ಉಕ್ಕಿತು, ಒಮ್ಮೆ ನೆಂಟರು ಬಂದರು. ಮೂರನೆಯ ಸಲ ಏನೂ ಆಗಲಿಲ್ಲ, ಆದರೂ ಬರೆಯಲಾಗಲಿಲ್ಲ. ತಪ್ಪು ನನ್ನದೇ, ಹೊಟ್ಟೆಗೆ ಹಾಕಿಕೋ.

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ರೂಢಿ. ನಮ್ಮವರು ಕ್ಷೇಮ, ದಿನಾ ಕಾಳಿನ ಅಂಗಡಿಗೆ ಹೋಗಿ ಬರುತ್ತಾರೆ. ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ನೋವಿನ ಜೊತೆ ಬಾಯಿಯೂ ಹಾಗೇ ಇದೆ. ಮಾವನವರು ಮಾತ್ರ ಕ್ಷೇಮವಿಲ್ಲ. ಅವರ ಸಲುವಾಗಿಯೇ ಈ ಕಾಗದ.

ನೀನು ಬರೆದಿದ್ದಿ: "ನಿಮ್ಮ ಮಾವ ಅದಾನಲ್ಲ, ಆ ಮುದಕ, ಪುರಾಣದ ಹಗ್ಗಾ ಹಾಕಿ ನಿನ್ನ ಕಟ್ಟಿ ಕುಂದರಿಸ್ಯಾನ. ಹಡದ ತಾಯಿ ಮಾರಿ ನೋಡಾಕ ಬಿಡದಿದ್ದದ್ದು ಎಂಥಾ ಗ್ರಂಥಲೇ? ಒಯ್ದು ಹೊಳಿಗೆ ಒಗಿ." ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ನನ್ನ ಸಲುವಾಗಿ ಇಷ್ಟು ಸಿಟ್ಟಾಗುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಆದರೆ ಮುಮ್ತಾಜ, ಮಾವನವರನ್ನು ಬೈಯಬೇಡ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಯಳವತ್ತಿಯಲ್ಲಿ ನಮ್ಮಿಬ್ಬರಿಗೂ ಪದ್ಯ ಒಡೆದು ಓದುವುದನ್ನು ಕಲಿಸಿದವರು ನಿಮ್ಮಪ್ಪ ರಹಮಾನಸಾಬ ಕಾಕಾ. "ಪದ್ಯ ಅಂದ್ರ ಕಬ್ಬು ಇದ್ದಂಗ. ಗಣಿಕಿ ನೋಡಿ ಮುರೀಬೇಕು, ಕಂಡಲ್ಲಿ ಮುರದ್ರ ಹಲ್ಲು ಹೋಗತಾವು" ಎನ್ನುತ್ತಿದ್ದರಲ್ಲ. ಆ ವಿದ್ಯೆ ಕಟ್ಟಿಕೊಂಡು ಈ ಮನೆಗೆ ಬಂದವಳು ಒಂಬತ್ತು ವರ್ಷ ಓದಿದ್ದೇನು ಗೊತ್ತೇ? ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ. ಬೆಲ್ಲ ಕಟ್ಟಿಕೊಟ್ಟ ಹಾಳೆಯಲ್ಲಿ ಅರ್ಧ ಕಥೆ ಇರುತ್ತಿತ್ತು, ಉಳಿದರ್ಧ ಸಿಕ್ಕೀತೆಂದು ಮತ್ತೆ ಬೆಲ್ಲ ತರಿಸುತ್ತಿದ್ದೆ. "ನಮ್ಮ ಸೊಸಿ ಬೆಲ್ಲ ಭಾಳ ತಿಂತಾಳ್ರೀ" ಎಂದು ಅತ್ತೆ ಓಣಿಗೆಲ್ಲ ಸಾರಿದರು. ಕಥೆ ಮಾತ್ರ ಎಂದೂ ಪೂರ್ತಿ ಸಿಗಲಿಲ್ಲ.

ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಶ್ರಾವಣ ಒಂದು ತಿಂಗಳು ಪುರಾಣ ನಡೆಯುತ್ತದೆ. ನಲವತ್ತು ವರ್ಷ ಮಾವನವರೇ ಓದಿ ಮಾವನವರೇ ಅರ್ಥ ಹೇಳುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಓಣಿಯ ಒಬ್ಬ ರಿಟೈರಾದ ಮಾಸ್ತರು ಓದಲು ಬಂದರು. ಈ ವರ್ಷ ಶ್ರಾವಣಕ್ಕೆ ಎಂಟು ದಿನ ಮೊದಲು ಅವರು ರೂಢಿಗಾಗಿ ಓದುತ್ತ ಕೂತಿದ್ದರು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಒಂದು ಪದ್ಯವನ್ನು ಅವರು ಎಂಥ ಕಡೆ ಮುರಿದರೆಂದರೆ, ದೇವರಿಗೆ ಹೋಗಬೇಕಾದ ಹೊಗಳಿಕೆ ರಾಕ್ಷಸನಿಗೆ ಹೋಯಿತು. ನನಗೆ ತಡೆಯಲಾಗಲಿಲ್ಲ. ಒಳಗಿನಿಂದಲೇ ಗಟ್ಟಿಯಾಗಿ ಸರಿಯಾಗಿ ಹಾಡಿಬಿಟ್ಟೆ.

ಮಾಸ್ತರು ಓದು ನಿಲ್ಲಿಸಿದರು. ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. ಹೊರಗಿನಿಂದ ಮಾವನವರ ದನಿ ಬಂತು: "ಯಾರವ್ವಾ ಅದು ಒಳಗ? ಹೊರಗ ಬಾ." ಹಿಟ್ಟಿನ ಕೈಯಲ್ಲೇ ಹೋಗಿ ನಿಂತೆ. "ಕೈ ತೊಳಕೊಂಡು ಕುಂಡ್ರು, ಓದು" ಎಂದರು. ಹತ್ತು ಪದ್ಯ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿ, ಮಾಸ್ತರ ಕಡೆ ತಿರುಗಿ, "ಮಾಸ್ತರ, ಈ ವರ್ಸ ನೀವು ನನ್ನ ಬಾಜೂಕ ಕುಂತು ಕೇಳ್ರಿ. ಸಾವಿತ್ರೆವ್ವ ಓದತಾಳ" ಎಂದರು.

ಓಣಿಯಲ್ಲಿ ಗುಸುಗುಸು ಎದ್ದಿತು. ಎದುರುಮನೆಯ ಮುದುಕವ್ವ ಬಂದು ಬಾಯಿಗೆ ಸೆರಗು ಹಿಡಿದು ಕೇಳಿದಳು: "ಎಲ್ಲಾ ಖರೆರಿ ವಿರೂಪಾಕ್ಷಪ್ಪಾರ, ಹೆಣಮಗಳು, ತಿಂಗಳದಾಗ ಮೂರು ದಿನ ಹೆಂಗ್ರಿ?" ಮಾವನವರು ಎಷ್ಟು ಜೋರಾಗಿ ಹೇಳಿದರೆಂದರೆ ಬೀದಿಗೆ ಕೇಳಿಸಿತು: "ಲಿಂಗ ಕಟ್ಟಿದ ಮೈಗೆ ಎಂಥಾ ಸೂತಕಬೇ? ವರ್ಸಾ ಬಂದು ಇದನ್ನ ಕೇಳತೀರಿ, ಮನಿಗೆ ಹೋಗಿ ಮರೀತೀರಿ." ಇಂಥ ಮನುಷ್ಯನನ್ನು ನೀನು ಮುದುಕ ಎನ್ನುತ್ತಿ.

ಒಂದು ನೇಮ ಮಾತ್ರ ಬಿಡಲಿಲ್ಲ. ಗ್ರಂಥಕ್ಕೆ ಕೂತವರು ಮಂಗಳವಾಗುವವರೆಗೆ, ಅಂದರೆ ಕೊನೆಯ ಪದ್ಯ ಓದಿ ಆರತಿ ಆಗುವವರೆಗೆ, ಊರ ಸೀಮೆ ದಾಟುವಂತಿಲ್ಲ. ದಾಟಿದರೆ ಓದು ಮುರಿಯಿತು. ಮತ್ತೆ ಮೊದಲ ಪದ್ಯದಿಂದ ಹಿಡಿಯಬೇಕು, ಅದೂ ಬೇರೆಯವರ ಬಾಯಿಂದ, ಮುರಿದವರು ಮುಂದೆಂದೂ ಆ ಗಾದಿಯ ಮೇಲೆ ಕೂಡುವಂತಿಲ್ಲ. ಸೂತಕ ಒಲ್ಲೆನೆಂದವರು ಇದನ್ನೇಕೆ ಹಿಡಿದುಕೊಂಡಿರಿ ಎಂದು ಕೇಳಿದೆ. "ಅದು ನಮ್ಮಪ್ಪನ ಮಾತವ್ವಾ" ಎಂದರು. ದೇವರ ಜೊತೆ ವಾದ ಮಾಡುತ್ತಾರೆ, ಅಪ್ಪನ ಜೊತೆ ಮಾಡಲಾರರು.

ನೀನು ಕಾಗದದಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದಿ, ಇಷ್ಟಾದ ಮೇಲೂ ದೇವರನ್ನು ನಂಬುತ್ತೀಯಾ ಎಂದು. ನಾನು ಓದುವಾಗ ದೇವರು ಬಂದಿದ್ದನೋ ಇಲ್ಲವೋ, ನಾನು ನೋಡಲಿಲ್ಲ. ನಾನು ನೋಡಿದ್ದು ಮಂದಿಯ ಮುಖ. ದಿನವಿಡೀ ಜೋಳದ ಹೊಲದಲ್ಲಿ ಬಗ್ಗಿ ಬಂದ ಹೆಣ್ಣುಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಒಂದು ಪದ ಎಳೆದರೆ ಅವರ ಉಸಿರು ನಿಲ್ಲುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಅರ್ಥ ಹೇಳುತ್ತ ಮಾವನವರು ನಡುವೆ ನಿಲ್ಲಿಸಿ, "ಆ ಸಾಲು ಇನ್ನೊಮ್ಮೆ ಹೇಳವ್ವಾ" ಎನ್ನುತ್ತಿದ್ದರು. ಒಂಬತ್ತು ವರ್ಷದಲ್ಲಿ ಈ ಮನೆಯಲ್ಲಿ ಯಾರೂ ನನಗೆ ಇನ್ನೊಮ್ಮೆ ಹೇಳು ಎಂದಿರಲಿಲ್ಲ. ಇದು ಭಕ್ತಿಯೋ ಸೊಕ್ಕೋ ನೀನೇ ಹೇಳು. ನನಗಂತೂ ಜನ್ಮದಲ್ಲಿ ಅಷ್ಟು ಸುಖ ಗೊತ್ತಿರಲಿಲ್ಲ.

ಆಮೇಲಿನದು ನಿನಗೆ ಅರ್ಧ ಗೊತ್ತು. ಅಮಾವಾಸ್ಯೆಯ ಶನಿವಾರ ಸಂಜೆ ಮಂಗಳವಾಯಿತು. ಪ್ರಸಾದ ಹಂಚುತ್ತಿದ್ದಾಗ ಯಳವತ್ತಿಯಿಂದ ಆಳು ಬಂದು ಬಾಗಿಲಲ್ಲಿ ನಿಂತ. ನನ್ನವ್ವ ಗದಿಗೆವ್ವ ಹಿಂದಿನ ದಿನವೇ ಹೋಗಿದ್ದಳು. ಗದಗಿಗೆ ಒಂದು ಬಸ್ಸು, ಲಕ್ಷ್ಮೇಶ್ವರಕ್ಕೆ ಒಂದು, ಅಲ್ಲಿಂದ ಚಕ್ಕಡಿ. ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ನಾವು ಬರುವುದು ಬೇಡವೆಂದರೂ ಕೇಳದೆ ಮಾವನವರು ಮಗನ ಹೆಗಲು ಹಿಡಿದು ಬಂದಿದ್ದರು.

ನನ್ನ ಅಣ್ಣ ದೇವಪ್ಪ ಹೊಸ್ತಿಲಲ್ಲೇ ತಡೆದ. "ಸೋಮವಾರ ಮುಟ್ಟೂವಂಗ ಕಾರ್ಡ ಹಾಕಿದ್ದೆ. ಐದು ದಿನ ಅವ್ವ ಬಾಗಲಾ ನೋಡಿದ್ಲು, ಸಪ್ಪಳಾದ್ರ ಸಾಕು ಸಾವಿತ್ರಿ ಬಂದ್ಲೇನು ಅಂತಿದ್ಲು. ಎಲ್ಲಿ ಹೋತು ಕಾರ್ಡ?" ಎಂದ. ಮಾವನವರ ಕಡೆ ತಿರುಗಿ, "ನಿಮ್ಮ ಪುರಾಣ ಮುರದೀತಂತ ಮುಚ್ಚಿಟ್ರಿ, ಹೌದಲ್ರಿ?" ಎಂದ.

ನಮ್ಮ ಮನೆಯಲ್ಲಿ ಟಪಾಲು ಬಂದರೆ ಪೋಸ್ಟಮನ್ ಕಟ್ಟೆಯ ಮೇಲೆ ಕೂತ ಮಾವನವರ ಕೈಗೇ ಕೊಡಬೇಕು. ಕಣ್ಣು ಹೋದರೂ ಯಜಮಾನಿಕೆ ಹೋಗಿಲ್ಲ. ಅವರು ಅದನ್ನು ಜಮಖಾನೆಯ ಕೆಳಗಿಟ್ಟು, ಸಂಜೆ ಮಗ ಬಂದ ಮೇಲೆ ಓದಿಸುತ್ತಾರೆ. ಹಾಗಾಗಿ ಅಂದು ಅವರು ಏನು ಹೇಳಿದರು ಗೊತ್ತೇ? "ನನ್ನ ಕೈಗೆ ಬಂದಿರಬೇಕಪಾ. ಕಾಣಂಗಿಲ್ಲ ನನಗ. ಎಲ್ಲೋ ಇಟ್ಟು ಮರತೇನಿ. ತಪ್ಪಾತು" ಎಂದು, ಮಗನ ವಯಸ್ಸಿನವನ ಮುಂದೆ ತಲೆಬಗ್ಗಿಸಿ ಕೈಮುಗಿದರು. ಪೋಸ್ಟಮನ್‌ನನ್ನು ಆಮೇಲೆ ಕೇಳಿದ್ದಾಯಿತು. "ಮನಿಗೆ ಕೊಟ್ಟದ್ದು ಖರೇರಿ, ಯಾರ ಕೈಯಾಗ ಕೊಟ್ಟೆ ಅನ್ನೂದು ನೆನಪಿಲ್ಲ" ಎಂದ.

ಅಂದಿನಿಂದ ಮಾವನವರು ದಿನಾ ಮುಂಜಾನೆ ಜಮಖಾನೆ ಎತ್ತಿ ನೆಲವನ್ನು ಅಂಗೈಯಿಂದ ಸವರುತ್ತಾರೆ. ಪಂಚಾಂಗದ ಹಾಳೆಗಳ ನಡುವೆ, ಗೋಡೆಯ ಗೂಡಿನಲ್ಲಿ, ಮಾಡಿನ ಸಂದಿಯಲ್ಲಿ ಕೈಯಾಡಿಸುತ್ತಾರೆ. ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿಡಿಸಿ, ಇನ್ನು ಈ ಕಿವಿಗೆ ಪುರಾಣ ಬೇಡವೆಂದು ಆಣೆ ಮಾಡಿದ್ದಾರೆ. ಊಟ ದಿನಕ್ಕೊಂದೇ ಹೊತ್ತು. ಒಂದೂವರೆ ತಿಂಗಳಲ್ಲಿ ಅಂಗಿ ಜೋತುಬಿದ್ದಿದೆ. ಡಾಕ್ಟರು ರೋಗವೇನೂ ಇಲ್ಲ ಎನ್ನುತ್ತಾರೆ. ಹೀಗೇ ನಡೆದರೆ ಈ ಮನುಷ್ಯ ಬಹಳ ದಿನ ಉಳಿಯುವುದಿಲ್ಲ ಮುಮ್ತಾಜ.

ನನ್ನ ಕಥೆ ಕೇಳು. ನಾನು ದೇವರಾಗಿದ್ದೇನೆ. "ಹಡದವ್ವ ಸತ್ರೂ ಗ್ರಂಥದ ನೇಮ ಮುರೀಲಿಲ್ಲ ಮಹಾತಾಯಿ" ಎಂದು ಅದೇ ಮುದುಕವ್ವ ನನ್ನ ಕಾಲು ಮುಟ್ಟಿದಳು. ಮಠದಲ್ಲಿ ಕಾರ್ತಿಕಕ್ಕೆ ನನಗೆ ಶಾಲು ಹೊದಿಸಬೇಕೆಂದು ಹಿರಿಯರು ಮಾತಾಡಿದ್ದಾರಂತೆ. ನೀರಿಗೆ ಹೋದರೆ ಹೆಣ್ಣುಮಕ್ಕಳು ಸರಿದು ನನಗೆ ಮೊದಲು ಜಾಗ ಬಿಡುತ್ತಾರೆ. ನಮ್ಮವರಂತೂ, "ಇನ್ನ ಮ್ಯಾಲ ಎಲ್ಲಿಗೆ ಬೇಕಾದ್ರೂ ಹೋಗು, ಯಾರೂ ಕೇಳಂಗಿಲ್ಲ" ಎಂದಿದ್ದಾರೆ. ಎಲ್ಲಿಗೆ ಹೋಗಲಿ? ಯಳವತ್ತಿಯಲ್ಲಿ ಬಾಗಿಲು ನೋಡುವವಳು ಇಲ್ಲ. ಇಲ್ಲಿ ಪಡಸಾಲೆಯಲ್ಲಿ ಆ ಕೈ ನೆಲ ಸವರುವ ಸಪ್ಪಳ. ಹಿಂದೆ ಮನೆಗೆಲಸದಲ್ಲಿ ಸಿಕ್ಕಿಬಿದ್ದಿದ್ದೆ, ಆಗ ಬೈದುಕೊಳ್ಳಲಿಕ್ಕಾದರೂ ಅತ್ತೆ ಇದ್ದರು. ಈಗ ಎಲ್ಲರೂ ಒಳ್ಳೆಯವರಾಗಿದ್ದಾರೆ, ಯಾರನ್ನು ಬೈದುಕೊಳ್ಳಲಿ?

ಇಷ್ಟು ಸಾಕು. ಕಾಕಾನ ಗೋರಿಗೆ ಹೋದಾಗ ನನ್ನದೂ ನಾಲ್ಕು ಹೂ ಹಾಕು. ನಿನ್ನ ಮಗಳು ಓದಲು ಕೂತರೆ ಎಬ್ಬಿಸಬೇಡ, ಹಾಲು ಉಕ್ಕಿದರೆ ಉಕ್ಕಲಿ. ನಿನ್ನ ಮನೆ ತುಂಬಿರಲಿ, ಮಗ್ಗದ ನೂಲು ಹರಿಯದಿರಲಿ, ಮಕ್ಕಳಿಗೆ ನೂರು ವರ್ಷ ಆಯುಷ್ಯವಾಗಲಿ.

ನಿನ್ನ
ಸಾವಿತ್ರಿ

ತಾ.ಕ. ಶುಕ್ರವಾರ ಮಧ್ಯಾಹ್ನ.

ನಿನ್ನೆ ಇಷ್ಟು ಬರೆದು ಮಡಚಿಟ್ಟಿದ್ದೆ. ಮುಖ್ಯವಾದದ್ದನ್ನೇ ಬರೆದಿರಲಿಲ್ಲ.

ಕಾರ್ಡು ನನ್ನ ಕೈಗೆ ಬಂದಿತ್ತು. ಸೋಮವಾರ ಮಾವನವರು ಪೂಜೆಗೆ ಕೂತಿದ್ದರು, ಕಟ್ಟೆ ಖಾಲಿ ಇತ್ತು, ಪೋಸ್ಟಮನ್ ನನಗೇ ಕೊಟ್ಟ. "ಅವ್ವಗ ಜ್ವರ ಇಳಿವಲ್ದು. ನಿನ್ನ ನೆನಸತಾಳ. ಜಲ್ದಿ ಬಾ" ಎಂದಿತ್ತು. ಒಲೆಯ ಮುಂದೆ ನಿಂತು ಲೆಕ್ಕ ಹಾಕಿದೆ, ಮಂಗಳಕ್ಕೆ ಐದು ದಿನ. ಜ್ವರ ತಾನೇ, ಇಳಿದೀತು ಎಂದುಕೊಂಡೆ ಎಂದು ನಿನಗೆ ಹೇಳಬಹುದು. ಆದರೆ ನಮ್ಮಣ್ಣ ಸುಮ್ಮಸುಮ್ಮನೆ ಕಾರ್ಡು ಬರೆಯುವವನಲ್ಲ, ಅದು ನನಗೆ ಗೊತ್ತಿತ್ತು. ಮಾವನವರಿಗೆ ಹೇಳಿದ್ದರೆ ಅವರಪ್ಪನ ನೇಮ ಬದಿಗಿಟ್ಟು ಆ ಕ್ಷಣವೇ ಬಸ್ಸಿಗೆ ಹತ್ತಿಸುತ್ತಿದ್ದರು. ಅದೂ ಗೊತ್ತಿತ್ತು. ಆಮೇಲೆ ಆ ಗಾದಿಯ ಮೇಲೆ ಮಾಸ್ತರು ಕೂಡುತ್ತಿದ್ದರು, ನಾನು ಮತ್ತೆ ಪೊಟ್ಟಣದ ಕಾಗದಕ್ಕೆ. ಕಾರ್ಡನ್ನು ಒಲೆಗೆ ಹಾಕಿದೆ.

ಆ ಸಂಜೆಯ ಅಧ್ಯಾಯದಲ್ಲಿ ಭಕ್ತನೊಬ್ಬ ತಾಯಿಯನ್ನು ಬಿಟ್ಟು ಹೋಗುವ ಪ್ರಸಂಗವಿತ್ತು. ನನ್ನ ದನಿ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಎಲ್ಲರೂ ಅತ್ತರು. ನಾನೂ ಅತ್ತೆ, ಅಳುವುದರಲ್ಲಿ ಸುಖಪಟ್ಟೆ.

ಇವತ್ತು ಮುಂಜಾನೆ ಅವರು ಜಮಖಾನೆ ಎತ್ತಿದಾಗ ತಡೆಯಲಾಗದೆ ಮುಂದೆ ಹೋಗಿ ಕೂತೆ. "ಮಾವಾರ, ಹುಡುಕಬ್ಯಾಡ್ರಿ. ಕಾರ್ಡ ನಾನ ಸುಟ್ಟೀನ್ರಿ" ಎಂದು ಎಲ್ಲವನ್ನೂ ಹೇಳಿದೆ. ಅವರು ತಡಕಾಡಿ ನನ್ನ ತಲೆಯ ಮೇಲೆ ಕೈಯಿಟ್ಟರು. "ಈ ಮುದಕನ ಜೀವ ಹಗರ ಮಾಡಾಕ ನಿನ್ನ ಮೈಮ್ಯಾಲ ಹಾಕ್ಕೋತಿ ಏನವ್ವಾ?" ಎಂದರು. ನಾನು ಅಳುತ್ತ ಆಣೆ ಮಾಡಿದೆ, ಕಾರ್ಡಿನ ಅಕ್ಷರ ಅಕ್ಷರ ಹೇಳಿದೆ. "ಹಡದ ತಾಯಿಗೆ ಯಾರರ ಹಂಗ ಮಾಡತಾರೇನ ಹುಚ್ಚಿ? ನೀ ಅಂತೂ ಮಾಡಾಕಿ ಅಲ್ಲ" ಎಂದು ಅವರೂ ಅತ್ತರು. ಮಗನನ್ನು ಕರೆದು, "ನೋಡ ಕೊಟ್ರಪ್ಪಾ, ನನ್ನ ಉಳಸಾಕ ಸೊಸಿ ಎಂಥಾ ಸುಳ್ಳ ಹೇಳತಾಳ" ಎಂದರು. ನಮ್ಮವರ ಕಣ್ಣೂ ತುಂಬಿತು. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಗಿದೆ, ಮುದುಕವ್ವ ಮತ್ತೊಮ್ಮೆ ಕಾಲು ಮುಟ್ಟಿ ಹೋದಳು. ಮಾವನವರು ಇನ್ನೂ ಹುಡುಕುತ್ತಿದ್ದಾರೆ.

ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ನೀನಾದರೂ ನಂಬು ಮುಮ್ತಾಜ. ಮಾವನವರಿಗೆ ಬೈದು ಬರೆದೆಯಲ್ಲ, ಅದಕ್ಕಿಂತ ಕೆಟ್ಟದಾಗಿ ನನ್ನನ್ನು ಬೈದು ಬರಿ. ಜಲ್ದಿ ಬರಿ.